ಕುದಿಸಿದ ನೀರಿನ ಮನೆಯಿಂದ ಚಾಮರಾಜಪೇಟೆಗೆ

ಶಿವರಾತ್ರಿ ಕಳೆದ ಮೇಲಿನ ಸೋಮವಾರ, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಾನು ಬೆಂಗಳೂರಿಗೆ ಹೊರಟೆ. ಮೂರನೆಯ ದರ್ಜೆಯ ಟಿಕೆಟ್ಟಿಗೆ ಒಂದು ರೂಪಾಯಿ ಹತ್ತಾಣೆ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ತಿರುಪಿನ ಮುಚ್ಚಳದ ಹಿತ್ತಾಳೆ ಕೂಜಾ. ಕೂಜಾದ ತುಂಬ ಕುದಿಸಿ ಆರಿಸಿದ ನೀರು. ಸ್ಟೇಷನ್ನಿನಲ್ಲಿ ಸಿಕ್ಕ ನಮ್ಮೂರಿನ ಇಬ್ಬರು ಕೂಜಾವನ್ನು ನೋಡಿದರು, ನನ್ನನ್ನು ನೋಡಿದರು. ಅವರಲ್ಲೊಬ್ಬರು, "ಇನ್ನೂ ಇದನ್ನ ಬಿಟ್ಟಿಲ್ವಾ ಸ್ವಾಮಿ?" ಎಂದು ಕೇಳಿದರು. ಬಿಟ್ಟಿಲ್ಲ, ಬಿಡುವುದೂ ಇಲ್ಲ ಎಂದು ಹೇಳಿ ಗಾಡಿ ಹತ್ತಿ ಕಿಟಕಿಯ ಪಕ್ಕ ಕುಳಿತೆ.

ಅವರು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ನಮ್ಮೂರಲ್ಲಿ ನನಗೊಂದು ಪುಸ್ತಕದ ಅಂಗಡಿ ಇದೆ, ಪತ್ರಿಕೆಗೆ ಬರೆಯುವ ಅಭ್ಯಾಸ ಇದೆ, ಪುರಸಭೆಯಲ್ಲಿ ಒಂದು ಕುರ್ಚಿ ಇದೆ. ಆರೋಗ್ಯದ ವಿಷಯ ಯಾರಿಗೂ ಬೇಡವಾಗಿದ್ದರಿಂದ ಅದು ನನ್ನ ಪಾಲಿಗೆ ಬಂತು. ಬಂದದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹೋದ ವರ್ಷ ಬೇಸಿಗೆಯ ಮೊದಲೇ ಮನೆಮನೆಗೆ ಹೋಗಿ, ಬಾವಿಯ ನೀರನ್ನು ಕುದಿಸಿ ಕುಡಿಯಿರಿ, ವಾಂತಿಭೇದಿ ಬರುವುದು ಹಸಿನೀರಿನಿಂದ ಎಂದು ಗಂಟಲು ಹರಿಯುವಂತೆ ಹೇಳಿದ್ದೆ. ಸೌದೆಯ ಖರ್ಚೆಂದು ಗೊಣಗುತ್ತಲೇ ಅರ್ಧ ಊರು ಕುದಿಸಿತು. ಎಲ್ಲರಿಗಿಂತ ಮೊದಲು ಕುದಿಸಿದ್ದು ನಮ್ಮ ಮನೆ. ಆದರೆ ಬೇಸಿಗೆಯ ನಡುವೆ ಆ ಬೇನೆ ನಮ್ಮ ಮನೆಗೇ ಬಂತು. ನಾನು ಮಲಗಿದೆ, ನನ್ನ ತಮ್ಮ ಮಲಗಿದ. ನಾವಿಬ್ಬರೂ ಎದ್ದೆವು. ತಮ್ಮನ ಮಗಳು ಕಮಲಿ, ಆರು ವರ್ಷದವಳು, ಏಳಲಿಲ್ಲ.

ಆಮೇಲೆ ಊರಲ್ಲಿ ಒಂದೇ ಮಾತು: ಕುದಿಸಿದವರ ಮನೆಗೇ ಬಂತಲ್ಲ, ಮತ್ತೆ ಕುದಿಸುವುದೇಕೆ? ನನ್ನ ಎದುರಿಗೆ ಯಾರೂ ಹೇಳಲಿಲ್ಲ, ಹಿಂದೆ ಎಲ್ಲರೂ ಹೇಳಿದರು. ಒಂದೊಂದೇ ಮನೆಯ ಒಲೆಯಿಂದ ನೀರಿನ ಹಂಡೆ ಇಳಿಯಿತು. ಈಗ ಮತ್ತೆ ಬಿಸಿಲು ಏರುತ್ತಿತ್ತು, ದೊಡ್ಡ ಬಾವಿಯ ನೀರು ಇಳಿಯುತ್ತಿತ್ತು. ಕುದಿಸಿದ ಮನೆಯೊಳಗೆ ಆ ಬೇನೆ ಎಲ್ಲಿಂದ ನುಗ್ಗಿತು ಎನ್ನುವುದನ್ನು ಕಂಡುಹಿಡಿಯದಿದ್ದರೆ ಈ ವರ್ಷ ನನ್ನ ಮಾತನ್ನು ನಾಯಿಯೂ ಕೇಳುವುದಿಲ್ಲ, ಇನ್ನೊಬ್ಬರ ಮನೆಯ ಮಗು ಹೋಗುತ್ತದೆ. ಉತ್ತರ ತರದೆ ಊರಿಗೆ ಹಿಂದಿರುಗಬಾರದೆಂದು ನಿಶ್ಚಯಿಸಿಯೇ ಹೊರಟಿದ್ದೆ. ಇದನ್ನೆಲ್ಲ ಬರೆಯುವುದಕ್ಕೆ ನನ್ನ ತಾಯಿಯ ಒಪ್ಪಿಗೆ ಇದೆ. ಆ ಒಪ್ಪಿಗೆ ಏಕೆ ಬೇಕಾಯಿತು ಎಂಬುದು ಓದುತ್ತ ತಿಳಿಯುತ್ತದೆ.

ತುಮಕೂರಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ಕಲ್ಲಂಗಡಿ ಹಣ್ಣನ್ನು ಹೆಚ್ಚಿ, ಹೋಳುಗಳನ್ನು ತೆರೆದ ತಟ್ಟೆಯಲ್ಲಿ ಜೋಡಿಸಿಕೊಂಡು ಮಾರುತ್ತಿದ್ದ. ಹಣ್ಣಿಗಿಂತ ನೊಣವೇ ಹೆಚ್ಚಾಗಿ ಕಾಣುತ್ತಿತ್ತು. ನನ್ನ ಎದುರು ಕುಳಿತಿದ್ದ ಕಂಬಳಿ ವ್ಯಾಪಾರಿ ಎರಡು ಹೋಳು ಕೊಂಡು ಒಂದನ್ನು ನನ್ನ ಕಡೆ ಚಾಚಿದ. ನಾನು ಬೇಡವೆಂದು ಸುಮ್ಮನಿರಬಹುದಿತ್ತು. ಅದು ನನ್ನ ಹಣೆಯಲ್ಲಿ ಬರೆದಿಲ್ಲ. ನೊಣ ಎಲ್ಲೆಲ್ಲಿ ಕುಳಿತು ಬರುತ್ತದೆ ಎಂಬುದನ್ನು ಅವನಿಗೆ ವಿವರವಾಗಿ ಹೇಳಿದೆ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಎರಡೂ ಹೋಳುಗಳನ್ನು ತಾನೇ ತಿಂದು, ಬೀಜವನ್ನು ಕಿಟಕಿಯಿಂದ ಉಗುಳಿ ಮಲಗಿಬಿಟ್ಟ. ಯಶವಂತಪುರದವರೆಗೆ ಅವನ ಗೊರಕೆ ಕೇಳುತ್ತ ಕುಳಿತೆ.

ಮಲ್ಲೇಶ್ವರದ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಆದರೂ ಅದು ನಮ್ಮೂರಿನ ಬಿಸಿಲಲ್ಲ, ರಸ್ತೆಯುದ್ದಕ್ಕೂ ಮರದ ನೆರಳು. ನಾನು ನೋಡಬೇಕಾಗಿದ್ದವರು ನನ್ನ ಹೆಂಡತಿಯ ಕಡೆಯ ನೆಂಟರು, ಸರ್ಕಾರದ ಆರೋಗ್ಯ ಇಲಾಖೆಯಲ್ಲಿದ್ದು ನಿವೃತ್ತರಾದ ಡಾಕ್ಟರು. ಸಂಪಿಗೆ ಮರವಿದ್ದ ಅವರ ಮನೆ ಸ್ಟೇಷನ್ನಿಗೆ ಹತ್ತಿರವೇ ಇತ್ತು. ಊಟಕ್ಕೆ ಎಲೆ ಹಾಕಿಸಿದರು. ಚಿತ್ರಾನ್ನ, ಮಜ್ಜಿಗೆಹುಳಿ, ಮೇಲೆ ಒಂದು ಬಾಳೆಹಣ್ಣು. ಊಟ ಮುಗಿದ ಮೇಲೆ ಜಗುಲಿಯಲ್ಲಿ ಕುಳಿತು ನನ್ನನ್ನು ವಿಚಾರಣೆ ಮಾಡಲು ಶುರುಮಾಡಿದರು. ವಿಚಾರಣೆ ಎಂಬ ಮಾತೇ ಸರಿ, ಪೊಲೀಸರೂ ಅಷ್ಟು ಕೇಳುವುದಿಲ್ಲ.

ಕುದಿಸಿದ ನೀರನ್ನು ಯಾವ ಪಾತ್ರೆಯಲ್ಲಿ ಇಡುತ್ತೀರಿ, ಮುಚ್ಚುತ್ತೀರೋ ಇಲ್ಲವೋ, ಅದಕ್ಕೆ ಲೋಟವನ್ನು ಅದ್ದುತ್ತೀರೋ ಹಿಡಿಯಿರುವ ಸೌಟಿನಿಂದ ತೆಗೆಯುತ್ತೀರೋ. ಮಜ್ಜಿಗೆಗೆ ಬೆರೆಸುವ ನೀರು ಯಾವುದು. ಕೋಸಂಬರಿಯ ಬೇಳೆಯನ್ನು ಯಾವುದರಲ್ಲಿ ನೆನೆಸುತ್ತೀರಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು ಯಾವುದರಲ್ಲಿ. ಮಗು ಬೇರೆಯವರ ಮನೆಯಲ್ಲಿ ಏನಾದರೂ ಕುಡಿಯಿತೇ, ಬೀದಿಯಲ್ಲಿ ಕಬ್ಬಿನ ಹಾಲು ಕುಡಿಯಿತೇ. ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿತ್ತು. ಮುಕ್ಕಳಿಸುವ ನೀರನ್ನು ಕೂಡ ನಾನು ಕುದಿಸಿಟ್ಟಿದ್ದೆ. ಕಮಲಿ ಆ ದಿನಗಳಲ್ಲಿ ಬೀದಿಗೇ ಇಳಿದಿರಲಿಲ್ಲ, ಅವಳ ಅಜ್ಜಿ ಬಿಟ್ಟಿರಲಿಲ್ಲ.

"ಬಾಯಿಗೆ ಹೋಗೋ ನೀರೆಲ್ಲ ಕುದಿಸಿದ್ದೇ ತಾನೆ?" ಎಂದು ಡಾಕ್ಟರು ಕೊನೆಗೆ ಕೇಳಿದರು.

"ಎಲ್ಲ" ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

"ಹಾಗಾದ್ರೆ ಎಲ್ಲೋ ಒಂದು ಹಸಿನೀರಿದೆ. ನಿಮಗೆ ಕಾಣಿಸ್ತಿಲ್ಲ, ನನಗೂ ಕಾಣಿಸ್ತಿಲ್ಲ. ಹುಡುಕಿ" ಎಂದರು. ಆಮೇಲೆ ಊರಿಗೆ ಹೇಳಬೇಕಾದ್ದನ್ನು ಹೇಳಿಕೊಟ್ಟರು. ಯುಗಾದಿಗೆ ಮೊದಲೇ ಎಲ್ಲರಿಗೂ ಚುಚ್ಚುಮದ್ದು ಹಾಕಿಸಬೇಕು, ಬೇನೆ ಬಂದ ಮೇಲೆ ಓಡಿದರೆ ಪ್ರಯೋಜನವಿಲ್ಲ. ಬಾವಿಕಟ್ಟೆಯ ಬಿರುಕನ್ನು ಗಾರೆ ಹಾಕಿ ಮುಚ್ಚಿಸಬೇಕು, ಇಲ್ಲದಿದ್ದರೆ ಚೆಲ್ಲಿದ ಕೊಳೆನೀರು ತಿರುಗಿ ಒಳಗೆ ಇಳಿಯುತ್ತದೆ. ಬ್ಲೀಚಿಂಗ್ ಪೌಡರನ್ನು ಸಂಜೆ ಹಾಕಿ ಬೆಳಿಗ್ಗೆ ನೀರು ಸೇದಬೇಕು. ಬೇನೆಯವರ ಬಟ್ಟೆಯನ್ನು ಬಾವಿಯ ಹತ್ತಿರ ಒಗೆಯಲೇಬಾರದು. ಬೇನೆ ಬಿದ್ದವರಿಗೆ ಉಪ್ಪು ಹಾಕಿದ ಗಂಜಿತಿಳಿ, ಎಳನೀರು ಗುಟುಕುಗುಟುಕಾಗಿ ಕೊಡುತ್ತಲೇ ಆಸ್ಪತ್ರೆಗೆ ಸಾಗಿಸಬೇಕು. ಬಾಯಾರಿಕೆಯೆಂದು ಅಳುವವರಿಗೆ ನೀರು ಕೊಡಬಾರದೆಂದು ನಮ್ಮಲ್ಲಿ ಕೆಲವರು ಹೇಳುತ್ತಾರಲ್ಲ, ಅದು ಕೊಲ್ಲುವ ಮಾತು ಎಂದರು.

ಬಸ್ಸು ಹಿಡಿದು ಊರೊಳಗೆ ಬಂದು ಚಿಕ್ಕಪೇಟೆಯಲ್ಲಿ ಇಳಿದೆ. ಪೇಟೆಯ ಗದ್ದಲದಲ್ಲಿ ಜಟಕಾ, ಕೈಗಾಡಿ, ಸೈಕಲ್ಲು ಎಲ್ಲವೂ ಒಂದನ್ನೊಂದು ಬೈಯುತ್ತ ಹೋಗುತ್ತಿದ್ದವು. ಪುರಸಭೆಯ ಪರವಾಗಿ ಬ್ಲೀಚಿಂಗ್ ಪೌಡರಿಗೆ ಹೇಳಬೇಕಾಗಿತ್ತು. ಅಂಗಡಿಯ ಯಜಮಾನರು ಹಣೆತುಂಬ ವಿಭೂತಿ ಧರಿಸಿದ್ದ ಶೆಟ್ಟರು. ಅವರ ತಾತನ ಕಾಲದಿಂದ ಅದೇ ಜಾಗದಲ್ಲಿ ವ್ಯಾಪಾರ. ನನ್ನ ಕೂಜಾ ನೋಡಿ, ಬೆಂಗಳೂರಿಗೆ ಬರುವವರು ನೀರು ಹೊತ್ತು ತರುವುದನ್ನು ಇವತ್ತೇ ಕಂಡದ್ದು ಎಂದು ನಕ್ಕರು. ಇಲ್ಲಿನ ನಲ್ಲಿನೀರನ್ನು ಶುದ್ಧಿಮಾಡಿಯೇ ಬಿಡುತ್ತಾರಂತೆ. ಡಬ್ಬಗಳನ್ನು ಮರುದಿನ ಮಧ್ಯಾಹ್ನ ಕಟ್ಟಿಡುವುದಾಗಿ ಹೇಳಿದರು. ಅಲ್ಲಿಂದ ದೊಡ್ಡ ಮಾರುಕಟ್ಟೆ ದಾಟಿ ನಡೆದೇ ಚಾಮರಾಜಪೇಟೆ ಸೇರಿದೆ.

ಚಾಮರಾಜಪೇಟೆಯಲ್ಲಿರುವುದು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಮದುವೆಯಾಗಿ ಬಂದಾಗಿನಿಂದ ಅದೇ ಮನೆ. ಎದುರಿಗೆ ಕಲ್ಲಿನ ಜಗುಲಿ, ಹಿತ್ತಿಲಲ್ಲಿ ಬಾವಿ, ಬಾವಿಯ ಪಕ್ಕದಲ್ಲೇ ನಲ್ಲಿ. ಎಪ್ಪತ್ತು ದಾಟಿದರೂ ಬೆನ್ನು ಬಾಗಿಲ್ಲ, ದನಿಯಂತೂ ಬೀದಿಯ ಕೊನೆಯವರೆಗೆ ಕೇಳಿಸುತ್ತದೆ. ಅಕ್ಕತಂಗಿಯರಿಬ್ಬರೂ ಮಡಿಯಲ್ಲಿ ಬಿಗಿ. ಮಡಿಯೆಂದರೆ ಬೆಳಿಗ್ಗೆ ಮಿಂದು, ಯಾರೂ ಮುಟ್ಟದ ಸೀರೆಯುಟ್ಟು, ದೇವರಿಗೂ ಅಡಿಗೆಗೂ ತಾವೇ ನೀರು ತರುವುದು. ಅಮ್ಮ ಲೋಕದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ, ಅಕ್ಕನ ಮಾತು ಬಿಟ್ಟು. ದೊಡ್ಡಮ್ಮನ ಮಗ, ಸರ್ಕಾರದ ಅಠಾರಾ ಕಚೇರಿಯಲ್ಲಿ ಗುಮಾಸ್ತ, ಸಂಜೆ ಬಂದು ಬಹಳ ಹೊತ್ತು ಮಾತಾಡಿದ. ಕಮಲಿಯ ಮಾತು ಬಂದಾಗ ನಾನು ಬೇರೆ ಮಾತೆತ್ತಿದೆ. ಅವಳು ಜ್ವರದಿಂದ ಹೋದಳೆಂದೇ ಇವರಿಗೆ ತಿಳಿಸಿದ್ದೆವು. ಬೇನೆಯ ಹೆಸರು ಕೇಳಿದರೆ ಈ ವಯಸ್ಸಿನಲ್ಲಿ ದೊಡ್ಡಮ್ಮ ಹೆದರುತ್ತಾಳೆಂದು ನಮ್ಮ ಲೆಕ್ಕ. ದೊಡ್ಡಮ್ಮ ಹೆದರುವುದನ್ನು ನಾವು ಯಾರೂ ಕಂಡಿರಲಿಲ್ಲ ಎಂಬುದು ಬೇರೆ ಮಾತು.

ಮಂಗಳವಾರ ಬೆಳಿಗ್ಗೆ ಬಾವಿಯ ರಾಟೆಯ ಸದ್ದಿಗೆ ಎಚ್ಚರವಾಯಿತು. ನಲ್ಲಿಯಲ್ಲಿ ನೀರು ಬರುತ್ತಿದ್ದರೂ ದೊಡ್ಡಮ್ಮ ಒದ್ದೆ ಸೀರೆಯಲ್ಲಿ ಬಾವಿಯಿಂದ ಸೇದುತ್ತಿದ್ದಳು. ನಲ್ಲಿಯೊಳಗೆ ಚರ್ಮದ ಬಿಲ್ಲೆ ಇರುತ್ತದೆ, ಆ ನೀರು ದೇವರಿಗೆ ಆಗದು ಎಂಬುದು ಅವಳ ಹಳೆಯ ವಾದ. ಮನೆಯವರು ಕುಡಿಯುವುದು ನಲ್ಲಿಯದು, ದೇವರ ಅಭಿಷೇಕಕ್ಕೆ ಮಾತ್ರ ಬಾವಿಯದು. ಮಗ ಪೂಜೆ ಮುಗಿಸಿ ಕಚೇರಿಗೆ ಹೊರಟ. ನಾನು ಸ್ನಾನ ಮಾಡಿ ದೇವರ ಮನೆಯ ಬಾಗಿಲಲ್ಲಿ ನಿಂತೆ. ದೊಡ್ಡಮ್ಮ ಅಭಿಷೇಕದ ನೀರಿದ್ದ ಬೆಳ್ಳಿ ಬಟ್ಟಲನ್ನೂ ಪುಟ್ಟ ಚಮಚದಂಥ ಉದ್ಧರಣೆಯನ್ನೂ ಹಿಡಿದು ಬಂದಳು. ಹುಟ್ಟಿದಾಗಿನಿಂದ ಮಾಡಿದಂತೆ ನಾನು ಬಲಗೈಯನ್ನು ಗುಳಿ ಮಾಡಿ ಒಡ್ಡಿದೆ. ಒಂದು ಉದ್ಧರಣೆ ತೀರ್ಥ ಅಂಗೈಗೆ ಬಿತ್ತು. ತುಳಸಿ, ಪಚ್ಚಕರ್ಪೂರದ ವಾಸನೆ. ಕೈಯನ್ನು ತುಟಿಯ ಹತ್ತಿರ ತಂದೆ.

ಅಲ್ಲಿಯೇ ಕೈ ನಿಂತಿತು. ತೀರ್ಥ ತಣ್ಣಗಿತ್ತು. ಬಾವಿಯಿಂದ ಈಗ ತಾನೇ ಬಂದ ಹಸಿನೀರಿನ ತಣುಪು.

ನನ್ನ ಮನೆಯಲ್ಲಿ ಮುಕ್ಕಳಿಸುವ ನೀರನ್ನು ಕುದಿಸಿದ್ದೆ. ಬೇಳೆ ನೆನೆಸುವ ನೀರನ್ನು ಕುದಿಸಿದ್ದೆ. ತೀರ್ಥವನ್ನು ಕುದಿಸಿರಲಿಲ್ಲ. ಕುದಿಸಬೇಕೆಂದು ಹೊಳೆಯಲೂ ಇಲ್ಲ, ಏಕೆಂದರೆ ತೀರ್ಥವನ್ನು ನಾವು ಯಾರೂ ನೀರೆಂದು ಎಣಿಸುವುದಿಲ್ಲ. ಅಕಾಲದ ಸಾವನ್ನು ಕಳೆಯುವುದು, ಎಲ್ಲ ರೋಗವನ್ನು ಹೋಗಲಾಡಿಸುವುದು ಎಂದು ಮಂತ್ರ ಹೇಳಿಯೇ ಅದನ್ನು ಕೊಡುತ್ತೇವೆ. ಬೆಳಿಗ್ಗೆ ಕಾಫಿಗೂ ಮೊದಲು, ಬರಿಹೊಟ್ಟೆಗೆ, ಮನೆಯವರೆಲ್ಲ ಸಾಲಾಗಿ ನಿಂತು ತೆಗೆದುಕೊಳ್ಳುತ್ತೇವೆ. ಡಾಕ್ಟರು ಅಷ್ಟೆಲ್ಲ ಕೇಳಿದಾಗಲೂ ನನಗೆ ನೆನಪಾಗಲಿಲ್ಲ, ಅವರಿಗೂ ಕೇಳಬೇಕೆನಿಸಲಿಲ್ಲ.

ಆಮೇಲೆ ಇನ್ನೊಂದು ನೆನಪಾಯಿತು. ನಮ್ಮ ಮನೆಯಲ್ಲಿ ಪೂಜೆ ತಮ್ಮನದು. ಬಾವಿಯಿಂದ ನೀರು ತರುವುದು, ಮಕ್ಕಳಿಗೆ ತೀರ್ಥ ಹಾಕುವುದು ಅಮ್ಮನದು. ಕಮಲಿಗೆ ತೀರ್ಥವೆಂದರೆ ಪ್ರಾಣ. ಒಂದು ಉದ್ಧರಣೆ ಕುಡಿದು ಕೈ ಹಿಂದಕ್ಕೆ ತೆಗೆಯದೆ, "ಅಜ್ಜಿ, ಇನ್ನೊಂದು" ಎನ್ನುತ್ತಿದ್ದಳು. ಅಮ್ಮ ಬೇಡವೆನ್ನುತ್ತಲೇ ಇನ್ನೊಂದು ಹಾಕುತ್ತಿದ್ದಳು. ಆ ಮಾತು ನನ್ನ ಕಿವಿಯಲ್ಲಿ ಕೇಳಿಸಿತು. ಅಂಗೈ ಸಡಿಲವಾಗಿ ತೀರ್ಥವೆಲ್ಲ ನೆಲಕ್ಕೆ ಚೆಲ್ಲಿತು.

ದೊಡ್ಡಮ್ಮನ ಮುಖ ಕೆಂಪಾಯಿತು. ತನ್ನ ದೇವರ ತೀರ್ಥವನ್ನು ಯಾರಾದರೂ ನೆಲಕ್ಕೆ ಚೆಲ್ಲಿದ್ದನ್ನು ಅವಳು ಕಂಡೇ ಇರಲಿಲ್ಲ. "ಏನೋ ಶೀನ, ಇದು ನಿನ್ನ ಮುನಿಸಿಪಾಲಿಟಿಯ ಹೊಸ ಕಾನೂನೇನೋ?" ಎಂದಳು. ನಾನು ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಕಮಲಿ ಹೋದದ್ದು ಜ್ವರದಿಂದಲ್ಲ ಎಂದು ಮೊದಲುಮಾಡಿ, ಎಲ್ಲವನ್ನೂ ಹೇಳಿದೆ. ಹೇಳುವಾಗ ಅತ್ತೆ. ಊರಲ್ಲಿ ಒಂದು ವರ್ಷದಿಂದ ಅತ್ತಿರಲಿಲ್ಲ.

ದೊಡ್ಡಮ್ಮ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಅದರೊಳಗೆ ನೋಡಿದಳು. ಹಿತ್ತಿಲಿಗೆ ಹೋಗಿ, ತೀರ್ಥವನ್ನು ತುಳಸಿಕಟ್ಟೆಗೆ ಎರೆದು ಬಂದಳು. "ನಿಮ್ಮಮ್ಮನಿಗೆ ಇದು ಹೊಳೆದಿದೆಯಾ?" ಎಂದು ಕೇಳಿದಳು. ನನಗೇ ಈಗ ಹೊಳೆದದ್ದು, ಅವಳಿಗೆ ಹೇಗೆ ಹೊಳೆದೀತು ಎಂದೆ. "ಹೊಳೀಬಾರ್ದು. ಆ ಕೈಯಲ್ಲೇ ಕೊಟ್ಟಿದಾಳೆ. ಗೊತ್ತಾದ್ರೆ ಅವಳು ಉಳಿಯಲ್ಲ" ಎಂದಳು. ಆದರೆ ತೀರ್ಥ ನಿಲ್ಲಬೇಕು, ಇಲ್ಲವೇ ಕುದಿಯಬೇಕು. ನಾನು ಹೋಗಿ ಹೇಳಿದರೆ ಅಮ್ಮ ಏಕೆಂದು ಕೇಳದೆ ಬಿಡುವುದಿಲ್ಲ. ಆ "ಏಕೆ" ಎಂಬುದಕ್ಕೆ ನನ್ನ ಹತ್ತಿರ ಸುಳ್ಳು ಇರಲಿಲ್ಲ. ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅವಳು ಹಾಗೆ ಸಿಕ್ಕಿಸಿದರೆ ಒಂದು ಕೆಲಸ ಶುರುವಾಯಿತೆಂದೇ ಅರ್ಥ.

"ನಾನು ಬರ್ತೀನಿ. ನಾನು ಹೇಳಿದ್ರೆ ಅವಳು ಮಾಡ್ತಾಳೆ. ಯಾಕೆ ಅಂತ ನನ್ನ ಯಾವತ್ತೂ ಕೇಳಿಲ್ಲ."

ಆದರೆ ಹೊರಡುವ ಮೊದಲು ಅವಳಿಗೊಂದು ಕೆಲಸವಿತ್ತು. ತಂಗಿಗೆ ಹೇಳುವ ಮಾತು ಗಟ್ಟಿಯಾಗಿರಬೇಕು, ಶಾಸ್ತ್ರ ತಿಳಿದವರನ್ನು ಒಂದು ಮಾತು ಕೇಳಿಯೇ ಹೇಳಬೇಕು ಎಂದಳು. ಜಟಕಾ ಹಿಡಿದು ಇಬ್ಬರೂ ಬಸವನಗುಡಿಗೆ ಹೋದೆವು. ಗಾಂಧಿಬಜಾರಿನ ಹಿಂದಿನ ಬೀದಿಯಲ್ಲಿ ಅವಳ ಮನೆಯ ಶುಭಕಾರ್ಯಗಳನ್ನೆಲ್ಲ ಮಾಡಿಸಿದ ಶಾಸ್ತ್ರಿಗಳ ಮನೆ. ಅವರು ಜಗುಲಿಯಲ್ಲಿ ಕುಳಿತು ದರ್ಭೆ ಕಟ್ಟುತ್ತಿದ್ದರು. ದೊಡ್ಡಮ್ಮ ಕುಶಲ ಕೇಳುವುದನ್ನೂ ಬಿಟ್ಟು, ಅಭಿಷೇಕದ ನೀರನ್ನು ಕುದಿಸಿ ಆರಿಸಿ ಬಳಸಬಹುದೇ ಎಂದು ಕೇಳಿದಳು.

ಶಾಸ್ತ್ರಿಗಳು ನಸ್ಯದ ಡಬ್ಬಿ ತೆಗೆದು, ಮುಚ್ಚಿ, ಮತ್ತೆ ತೆಗೆದರು. ಒಲೆಗೆ ಏರಿದ ನೀರಿಗೆ ಅನ್ನದ ಪಾತ್ರೆಯ ಮುಸುರೆ ತಗಲುತ್ತದೆ, ಅದು ಅಡಿಗೆಗೆ ಸಮ ಎಂದು ಕೆಲವರು ಹೇಳುತ್ತಾರೆ ಎಂದರು.

"ಧನುರ್ಮಾಸದಲ್ಲಿ ದೇವರಿಗೆ ಬಿಸಿನೀರು ಎರೀತೀವಲ್ಲ, ಅದನ್ನ ಎಲ್ಲಿ ಕಾಯಿಸ್ತೀವಿ?" ಎಂದಳು ದೊಡ್ಡಮ್ಮ. "ದೇವರಿಗೆ ಚಳಿಯಾಗತ್ತೆ ಅಂತ ಕಾಯಿಸಬಹುದು, ಮಕ್ಕಳು ಸಾಯ್ತವೆ ಅಂತ ಕಾಯಿಸಬಾರ್ದಾ?"

ಶಾಸ್ತ್ರಿಗಳು ಅವಳನ್ನೂ ನನ್ನನ್ನೂ ನೋಡಿದರು. ಆಮೇಲೆ ನಿಧಾನವಾಗಿ, "ಬೇಡ ಅಂತ ನಾನು ಎಲ್ಲೂ ಓದಿಲ್ಲಮ್ಮ. ಮಾಡಲೇಬೇಕು ಅಂತಲೂ ಓದಿಲ್ಲ" ಎಂದರು.

"ಅಷ್ಟು ಸಾಕು" ಎಂದು ದೊಡ್ಡಮ್ಮ ಎದ್ದಳು. ನಾವು ಮೆಟ್ಟಿಲಿಳಿಯುವಾಗ ಅವರು ಹಿಂದಿನಿಂದ ಕರೆದು, ದೇವರ ನೀರಿಗೆ ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಬಿಟ್ಟರೆ ಮುಸುರೆಯ ಮಾತೇ ಬರುವುದಿಲ್ಲ ಎಂದರು. ನನಗೆ ಅವರ ಮೇಲೆ ಬಹಳ ಗೌರವ ಹುಟ್ಟಿತು. ಒಂದು ಮಾತಿನಲ್ಲಿ ಬಾಗಿಲು ಮುಚ್ಚಬಹುದಾಗಿದ್ದವರು ತಾವೇ ತೆರೆದುಕೊಟ್ಟಿದ್ದರು.

ಗಾಂಧಿಬಜಾರಿನಲ್ಲಿ ದೊಡ್ಡಮ್ಮ ಹೂವಿನವಳ ಜೊತೆ ಚೌಕಾಸಿ ಮಾಡುತ್ತಿದ್ದಾಗ ನಾನು ಹೋಟೆಲಿಗೆ ನುಗ್ಗಿ ಮಸಾಲೆದೋಸೆ ತಿಂದು ಕಾಫಿ ಕುಡಿದೆ. ಬಿಸಿಬಿಸಿ ತಿನ್ನುವುದರಲ್ಲಿ ಅಪಾಯವಿಲ್ಲವೆಂದು ಡಾಕ್ಟರೇ ಹೇಳಿದ್ದರು. ಚಟ್ನಿಯನ್ನು ಮಾತ್ರ ಮುಟ್ಟಲಿಲ್ಲ. ಬಡಿಸುವವನು ಚಟ್ನಿ ಚೆನ್ನಾಗಿಲ್ಲವೇ ಎಂದು ಕೇಳಿದ, ಅವನಿಗೂ ಕಾರಣ ಹೇಳಿದೆ. ಅವನು ನನ್ನ ಎಲೆಯನ್ನು ಬೇಗ ಎತ್ತಿಕೊಂಡು ಹೋದ.

ಮಧ್ಯಾಹ್ನ ಚಿಕ್ಕಪೇಟೆಗೆ ಹೋದೆ. ಶೆಟ್ಟರು ಡಬ್ಬಗಳನ್ನು ಗೋಣಿಯಲ್ಲಿ ಹೊಲಿಸಿ ಇಟ್ಟಿದ್ದರು. ನಿನ್ನೆ ನಕ್ಕವರಲ್ಲವೇ, ನನ್ನ ಹೊಟ್ಟೆಯಲ್ಲಿದ್ದುದನ್ನು ಅವರಿಗೂ ಹೇಳಿಬಿಟ್ಟೆ. ಈ ಸಲ ನಗಲಿಲ್ಲ. ಅಂಗಿಯ ಮೇಲಿಂದಲೇ ಎದೆಯ ಲಿಂಗವನ್ನು ಮುಟ್ಟಿಕೊಂಡರು. ದಿನವೂ ಇಷ್ಟಲಿಂಗದ ಪೂಜೆ ಮಾಡಿ ಪಾದೋದಕ ತೆಗೆದುಕೊಳ್ಳುವ ಮನೆ ಅವರದು. "ನಮ್ದೂ ಅದೇ ಅಲ್ವಾ ಸ್ವಾಮಿ. ನಾವು ಸೋಸ್ತೀವಿ. ಕಾಯಿಸಲ್ಲ" ಎಂದರು. ಬೆಂಗಳೂರಿನಲ್ಲಿ ನಲ್ಲಿನೀರಾದ್ದರಿಂದ ಸರಿ, ಹಳ್ಳಿಯಲ್ಲಿರುವ ಅಣ್ಣನ ಮನೆಗೆ ಇವತ್ತೇ ಹೇಳಿಕಳುಹಿಸುತ್ತೇನೆ ಎಂದು ಆಳನ್ನು ಕರೆದರು.

ಬರುವ ದಾರಿಯಲ್ಲಿ, ದೊಡ್ಡಮ್ಮ ಹೇಳಿದ್ದಂತೆ, ಮಾರುಕಟ್ಟೆಯಲ್ಲಿ ಒಂದು ಸಣ್ಣ ಇದ್ದಿಲ ಒಲೆಯನ್ನೂ ಹೊಚ್ಚಹೊಸ ತಾಮ್ರದ ತಂಬಿಗೆಯನ್ನೂ ಕೊಂಡೆ. ಅಂಗಡಿಯವನ ಕೈ ಸೋಂಕಿದ್ದಕ್ಕೆ ಅವೆರಡನ್ನೂ ಅವಳು ಹಿತ್ತಿಲಲ್ಲಿ ಹುಣಿಸೆಹಣ್ಣು ಹಚ್ಚಿ, ಬೂದಿ ಹಚ್ಚಿ, ಕತ್ತಲಾಗುವವರೆಗೆ ತಿಕ್ಕಿದಳು. ಕಬ್ಬಿಣದ ಒಲೆಯನ್ನು ಹಾಗೆ ತಿಕ್ಕುವುದನ್ನು ನಾನು ಅದೇ ಮೊದಲು ನೋಡಿದ್ದು. ಇನ್ನು ಸಾಕು ಎಂದು ಸೊಸೆ ಹೇಳಿದ್ದಕ್ಕೆ, ಇದು ದೇವರ ಮನೆಗೆ ಹೋಗುವ ಒಲೆ ಎಂದು ಇನ್ನೊಂದು ಸಲ ತಿಕ್ಕಿದಳು.

ಬುಧವಾರ ಮಧ್ಯಾಹ್ನ ಸಿಟಿ ಸ್ಟೇಷನ್ನಿನಿಂದ ಹೊರಟೆವು. ದೊಡ್ಡಮ್ಮ ತನ್ನ ತಂಬಿಗೆಯ ನೀರನ್ನು ಹೊರಡುವ ಮೊದಲು ಅದೇ ಹೊಸ ಒಲೆಯಲ್ಲಿ ತಾನೇ ಕುದಿಸಿದ್ದಳು. ಒಲೆಯನ್ನು ಯಾರ ಕೈಗೂ ಕೊಡದೆ, ನೆಲಕ್ಕೂ ಇಡದೆ, ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹತ್ತಿರ ಕುಳಿತಳು. ಟಿಕೆಟ್ ಪರೀಕ್ಷಕರು ಬಂದು ಒಲೆಯೊಳಗೆ ಕೆಂಡವಿದೆಯೇ ಎಂದು ಕೇಳಿದರು. ಮುಟ್ಟಿ ನೋಡಲು ಕೈ ಚಾಚಿದಾಗ ಅವಳು ಹಾಕಿದ ಕೂಗಿಗೆ ಅರ್ಧ ಡಬ್ಬಿ ಎದ್ದು ನಿಂತಿತು. ಅವರು ಟಿಕೆಟ್ಟನ್ನೂ ಸರಿಯಾಗಿ ನೋಡದೆ ಮುಂದೆ ಹೋದರು. ಅಷ್ಟು ದೂರದ ದಾರಿಯಲ್ಲಿ ದೊಡ್ಡಮ್ಮ ಏನೂ ತಿನ್ನಲಿಲ್ಲ. ಒಂದೆರಡು ಸಲ ನೀರು ಕುಡಿದು, ಕುದಿಸಿದ ನೀರಿಗೆ ರುಚಿಯೇ ಇಲ್ಲವೆಂದು ನನ್ನನ್ನು ಬೈದಳು. ಅಮ್ಮನಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ದಾರಿಯುದ್ದಕ್ಕೂ ನನಗೆ ಪಾಠ ಹೇಳಿದಳು. ನಾನು ಬಾಯಿ ಬಿಡಬಾರದು ಎಂಬುದೇ ಅದರ ಸಾರ.

ಊರು ತಲುಪಿದಾಗ ದೀಪ ಹಚ್ಚುವ ಹೊತ್ತು. ಅಕ್ಕನನ್ನು ಕಂಡು ಅಮ್ಮ ಬಾಗಿಲಲ್ಲಿ ಹಾಗೇ ನಿಂತುಬಿಟ್ಟಳು. ಕಮಲಿ ಹೋದ ಮೇಲೆ ಅಮ್ಮನ ಮಾತು ಬಹಳ ಕಡಿಮೆಯಾಗಿತ್ತು. ದೊಡ್ಡಮ್ಮ ಕಾಲು ತೊಳೆದು ನೇರವಾಗಿ ದೇವರ ಮನೆಯ ಮುಂದೆ ಹೋಗಿ, ಮೂಲೆಯಲ್ಲಿ ಒಲೆಯನ್ನೂ ತಂಬಿಗೆಯನ್ನೂ ಇಟ್ಟಳು. "ನಾಳೆಯಿಂದ ದೇವರ ನೀರು ಇದರಲ್ಲಿ ಕುದೀಬೇಕು. ಆರಿದ ಮೇಲೆ ಅಭಿಷೇಕ. ಶಾಸ್ತ್ರಿಗಳನ್ನ ಕೇಳಿದೀನಿ" ಎಂದಳು.

ಅಮ್ಮ ಒಲೆಯನ್ನು ನೋಡಿದಳು. ನಾನು ತಮ್ಮನ ಹಿಂದೆ ನಿಂತು ನೆಲ ನೋಡುತ್ತಿದ್ದೆ. ಅಕ್ಕ ಹೇಳಿದಂತೆಯೇ ತಂಗಿ ಏಕೆಂದು ಕೇಳಲಿಲ್ಲ. ಮೂಲೆಯಲ್ಲಿ ಕುಳಿತು, ಆ ಹೊಸ ತಂಬಿಗೆಯ ಮೇಲೆ ಕೈಯಿಟ್ಟಳು. ಆಮೇಲೆ, "ಹೋದ ವರ್ಷವೇ ಬರಬಾರ್ದಿತ್ತೇನೇ ಅಕ್ಕ" ಎಂದಳು.

ಅಷ್ಟಕ್ಕೇ ನಮಗೆ ತಿಳಿಯಿತು. ನಾನು ಊರೆಲ್ಲ ಅಲೆದು, ಬೆಂಗಳೂರಿಗೆ ಹೋಗಿ ಕಂಡುಹಿಡಿದದ್ದನ್ನು ಅವಳು ಎಂದೋ ತಾನಾಗಿಯೇ ಕಂಡುಕೊಂಡಿದ್ದಳು. ಅಂದಿನಿಂದ ಮಕ್ಕಳಿಗೆ ತೀರ್ಥ ಕೊಡುವುದನ್ನು ನಿಲ್ಲಿಸಿದ್ದಳು, ನಾವು ಯಾರೂ ಏಕೆಂದು ಕೇಳಿರಲಿಲ್ಲ. ದುಃಖದಲ್ಲಿ ಬಿಟ್ಟಿದ್ದಾಳೆ ಎಂದುಕೊಂಡಿದ್ದೆವು. ನಮಗೆ ತಿಳಿಯಬಾರದೆಂದು ಅವಳು, ಅವಳಿಗೆ ತಿಳಿಯಬಾರದೆಂದು ನಾವು. ದೊಡ್ಡಮ್ಮ ತಂಗಿಯ ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರಿದಳು. ಅಕ್ಕತಂಗಿಯರನ್ನು ಅಲ್ಲಿಯೇ ಬಿಟ್ಟು ನಾವು ಹೊರಗೆ ಬಂದೆವು.

ಗುರುವಾರ ಬೆಳಿಗ್ಗೆ ದೊಡ್ಡ ಬಾವಿಯ ಹತ್ತಿರ ನಿಂತು ಹೇಳಬೇಕೆಂದು ನಾನು ಒಂದು ಭಾಷಣವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಚುಚ್ಚುಮದ್ದು, ಬ್ಲೀಚಿಂಗ್ ಪೌಡರು, ಕಟ್ಟೆಯ ಬಿರುಕು, ನೊಣ, ಎಲ್ಲವೂ ಅದರಲ್ಲಿದ್ದವು. ತೀರ್ಥದ ಮಾತನ್ನು ಮಾತ್ರ ಯಾರ ಮನೆಯದೆಂದು ತಿಳಿಯದಂತೆ ಸುತ್ತಿಬಳಸಿ ಸೇರಿಸಿದ್ದೆ. ನಾನು ಪಂಚೆ ಸರಿಮಾಡಿಕೊಂಡು ಹೋಗುವಷ್ಟರಲ್ಲಿ ಅಮ್ಮ ಬಾವಿಯ ಹತ್ತಿರ ಇದ್ದಳು, ಒದ್ದೆ ಸೀರೆಯಲ್ಲಿ, ಸೊಂಟದ ಮೇಲೆ ಕೊಡ. ಸುತ್ತ ನೀರಿಗೆ ಬಂದ ಹೆಂಗಸರು. ದೊಡ್ಡಮ್ಮ ಸ್ವಲ್ಪ ದೂರದಲ್ಲಿ ನಿಂತಿದ್ದಳು. ತಡೆಯಲು ಹೋಗಿದ್ದಳೋ ಜೊತೆಗೆ ಹೋಗಿದ್ದಳೋ ಇವತ್ತಿಗೂ ಹೇಳಿಲ್ಲ.

ಅಮ್ಮ ದನಿ ಏರಿಸಲಿಲ್ಲ. "ನಮ್ಮ ಕಮಲಿಗೆ ತೀರ್ಥ ಹಾಕಿದೋಳು ನಾನು. ಈ ಬಾವಿ ನೀರೇ, ಕುದಿಸಿರಲಿಲ್ಲ. ಇನ್ನೊಂದು ಅಂತ ಕೇಳಿತು, ಎರಡು ಸಲ ಹಾಕಿದೆ" ಎಂದಳು. ರಾಟೆಗಳು ನಿಂತವು. "ನಿಮ್ಮನೇಲಿ ದೇವರ ನೀರನ್ನೂ ಕುದಿಸಿ. ನಮ್ಮ ಶೀನ ಹೇಳಿದ್ದು ಸರಿಯಾಗಿತ್ತು."

ಆಮೇಲೆ ಅವಳು ಹಗ್ಗ ಹಿಡಿದು ತನ್ನ ಕೊಡಕ್ಕೆ ನೀರು ಸೇದಿಕೊಂಡಳು. ಹೆಂಗಸರು ದಾರಿ ಬಿಟ್ಟರು. ನನ್ನ ಪಕ್ಕ ಹಾದುಹೋಗುವಾಗ, "ಇದನ್ನೂ ಸೇರಿಸಿ ಬರಿ, ನಮ್ಮನೆ ಹೆಸರು ಹೇಳೇ ಬರಿ" ಎಂದಳು. ಮನೆಗೆ ಹೋಗಿ ಆ ನೀರನ್ನು ಹೊಸ ಒಲೆಯ ಮೇಲಿಟ್ಟಳು. ನಾನು ಭಾಷಣ ಮಾಡಲಿಲ್ಲ. ಬಾವಿಕಟ್ಟೆಯ ಬಿರುಕು ಎಷ್ಟು ಉದ್ದವಿದೆಯೆಂದು ಅಳೆದುಕೊಂಡು, ಗಾರೆಯವನನ್ನು ಕರೆತರಲು ಹೋದೆ.